ಆಫೀಸಿನಲ್ಲಿ ‘ಪಂಗನಾಮ ಹಾಕಿದ’ ಅನ್ನಬಹುದಾ?

ಪ್ರಶ್ನೆ:
ಒಬ್ಬ ಗಿರಾಕಿ ಮೂರು ತಿಂಗಳ ಬಿಲ್ ಬಾಕಿ ಇಟ್ಟು ಫೋನ್ ಎತ್ತುವುದನ್ನೇ ನಿಲ್ಲಿಸಿದ್ದಾನೆ. ಮೀಟಿಂಗಿನಲ್ಲಿ ನಾನು ‘ನಮಗೆ ಪಂಗನಾಮ ಹಾಕಿದ’ ಅಂದೆ. ಎಲ್ಲರೂ ನಕ್ಕರು. ದಿನಾ ನಾಮ ಇಟ್ಟುಕೊಂಡು ಬರುವ ಅಕೌಂಟ್ಸ್‌ನ ಹಿರಿಯರು ಮಾತ್ರ ತಲೆ ತಗ್ಗಿಸಿ ಕೂತರು. ಆಗಿನಿಂದ ಮನಸ್ಸಿಗೆ ಕಸಿವಿಸಿ. ಈ ಮಾತು ಬೈಗುಳವಾಗಿಯೇ ಹುಟ್ಟಿದ್ದಾ?

ಉತ್ತರ 1:
ಪದ ಬೈಗುಳ ಅಲ್ಲ. ತೆಲುಗಿನಲ್ಲಿ ‘ಪಂಗ’ ಅಂದರೆ ಕವಲು. ಕವಲಿರುವ ನಾಮ ಪಂಗನಾಮ, ಅಷ್ಟೇ. ಮೋಸ ಅನ್ನುವ ಅರ್ಥ ಹೇಗೆ ಅಂಟಿಕೊಂಡಿತು ಅನ್ನುವುದರಲ್ಲೇ ಜಗಳ ಇರುವುದು. ನಾಮ ಬಳಿದುಕೊಂಡು, ಶಂಖ ಜಾಗಟೆ ಹಿಡಿದು, ದಾಸಯ್ಯನ ವೇಷದಲ್ಲಿ ಊರವರನ್ನು ವಂಚಿಸಿದವರಿಂದ ಬಂತು ಅಂತ ಕೆಲವರು ಹೇಳುತ್ತಾರೆ. ನನಗೆ ಒಪ್ಪಿಗೆಯಿಲ್ಲ. ಈ ಮಾತಿನಲ್ಲಿ ನಾಮ ಬೀಳುವುದು ಮೋಸಗಾರನ ಹಣೆಗಲ್ಲ, ಮೋಸಹೋದವನ ಹಣೆಗೆ, ಅಲ್ವಾ? ಕೈಗೆ ಕಾಸು ಕೊಡದೆ ಹಣೆಗೆ ನಾಮ ಬಳಿದು ಕಳಿಸಿದರು ಅನ್ನುವ ವಿವರಣೆಯೇ ಜಾಸ್ತಿ ಹೊಂದುತ್ತದೆ. ತಮಿಳಿನ ‘ನಾಮಂ ಪೋಡು’ ಕೂಡ ಇದೇ ಅರ್ಥದ್ದು.

ಉತ್ತರ 2:
ನಾನು ಮೇಲುಕೋಟೆಯವಳು. ನಮ್ಮ ತಾತ ಬೆಳಗ್ಗೆ ಸ್ನಾನ ಮಾಡಿ, ನಮ್ಮೂರಿನ ಬಿಳಿ ತಿರುಮಣ್ಣನ್ನು ಅಂಗೈಯಲ್ಲಿ ತೇದು, ನಡುವೆ ಶ್ರೀಚೂರ್ಣದ ಕೆಂಪು ಗೆರೆ ಎಳೆದುಕೊಳ್ಳುವವರೆಗೆ ಯಾರ ಹತ್ತಿರವೂ ಮಾತಾಡುತ್ತಿರಲಿಲ್ಲ. ಶ್ರೀವೈಷ್ಣವರಲ್ಲಿ ತೆಂಗಲೈ, ವಡಗಲೈ ಅಂತ ಎರಡು ಪಂಗಡ. ತೆಂಗಲೈ ನಾಮಕ್ಕೆ ಮೂಗಿನ ಮೇಲೆ ಇಳಿಯುವ ‘ಪಾದ’ ಅನ್ನುವ ತುದಿ ಇರುತ್ತದೆ, ವಡಗಲೈ ನಾಮಕ್ಕೆ ಇರುವುದಿಲ್ಲ. ಯಾವ ನಾಮವಾದರೂ ಅದು ದೇವರ ಪಾದದ ಗುರುತೇ. ಸ್ಕೂಲಿನಲ್ಲಿ ‘ಮೂರು ನಾಮ’ ಅಂತ ಕೂಗಿದಾಗ ಮನೆಗೆ ಬಂದು ಅತ್ತಿದ್ದೇನೆ. ನಿಮ್ಮ ಹಿರಿಯರಿಗೆ ಏನನ್ನಿಸಿತು ಅಂತ ನನಗೆ ಗೊತ್ತು.

ಉತ್ತರ 3:
ಹುಟ್ಟು ಹುಡುಕಿ ತೀರ್ಮಾನ ಮಾಡಲು ಹೋಗಬೇಡಿ. ನಮ್ಮ ಆಫೀಸಿನಲ್ಲಿ ‘ರೂಲ್ ಆಫ್ ಥಂಬ್’ ಅನ್ನಬಾರದು ಅಂದರು. ಹೆಬ್ಬೆರಳಿನಷ್ಟು ದಪ್ಪದ ಕೋಲಿನಿಂದ ಹೆಂಡತಿಗೆ ಹೊಡೆಯಬಹುದು ಅನ್ನುವ ಇಂಗ್ಲೆಂಡಿನ ಕಾನೂನಿನಿಂದ ಬಂದದ್ದಂತೆ. ಹಾಗೆ ಹೇಳಿದ ಅಂತ ಫ್ರಾನ್ಸಿಸ್ ಬುಲರ್ ಎಂಬ ಜಡ್ಜನ್ನು 1782ರಲ್ಲಿ ವ್ಯಂಗ್ಯಚಿತ್ರ ಬರೆದು ಗೇಲಿ ಮಾಡಿದ್ದು ನಿಜ. ಆದರೆ ಆ ಮಾತು 17ನೇ ಶತಮಾನದಲ್ಲೇ ಸುಮ್ನೆ ಅಂದಾಜು ಅಳತೆ ಅನ್ನುವ ಅರ್ಥದಲ್ಲಿ ಅಚ್ಚಾಗಿತ್ತು. ಆ ಕಥೆ ನಂಬಿ ಪದ ಬಿಡಬೇಕಿಲ್ಲ. ಪಂಗನಾಮದ ವಿಷಯ ಬೇರೆ. ಹುಟ್ಟು ಏನೇ ಇರಲಿ, ನಾಮ ಇಟ್ಟವರು ಎದುರಿಗೇ ಕೂತಿದ್ದರು. ‘ಕೈಕೊಟ್ಟ’ ಅನ್ನಿ, ಸಾಕು.

ಪ್ರಶ್ನೆ ಕೇಳಿದವರು:
ಮೇಲುಕೋಟೆಯವರೇ, ಈಗ ಹೋಗಿ ಕ್ಷಮೆ ಕೇಳಿದರೆ ಅವರಿಗೆ ಇನ್ನೂ ಮುಜುಗರ ಆಗುತ್ತಾ?

ಉತ್ತರ 2:
ಎಲ್ಲರ ಮುಂದೆ ಬೇಡ. ಕಾಫಿಗೆ ಕರೆದುಕೊಂಡು ಹೋಗಿ ಹೇಳಿ.