ಹೈಲ್ಯಾಂಡರ್‌ಗೆ ಟ್ರೇಲರ್ ಕಟ್ಟಿಕೊಂಡು ಟಾಹೋಗೆ: ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ನಾವಿರುವುದು ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ. ಗಾಡಿ 2019ರ ಟೊಯೋಟಾ ಹೈಲ್ಯಾಂಡರ್ ವಿ6, ಟ್ರೇಲರ್ ಎಳೆಯಲು ಬೇಕಾದ ಟೋ ಪ್ಯಾಕೇಜ್ ಇದೆ, 5,000 ಪೌಂಡ್ ಎಳೆಯುತ್ತದೆ. ಹಳೆಯ ಕ್ಯಾಂಪರ್ (ಒಳಗೆ ಮಲಗಿ ಉಳಿಯಬಹುದಾದ ಟ್ರೇಲರ್) ಒಂದನ್ನು ಕೊಂಡಿದ್ದೇವೆ. ಸಾಮಾನು ಸೇರಿ ಸುಮಾರು 4,000 ಪೌಂಡ್.

ಹೋದ ವಾರ ಮೊದಲ ಸಲ ಫ್ರೀವೇಗೆ ಇಳಿಸಿದೆ. ಪಕ್ಕದಲ್ಲಿ ದೊಡ್ಡ ಟ್ರಕ್ ದಾಟಿದ್ದೇ ತಡ, ಟ್ರೇಲರ್ ಎಡಕ್ಕೂ ಬಲಕ್ಕೂ ತೂಗಾಡತೊಡಗಿತು. ಮಕ್ಕಳು ಹಿಂದೆ ಕೂತಿದ್ದರು. ತುಂಬಾ ಹೆದರಿಕೆಯಾಯಿತು. ಗಾಡಿಯ ಬ್ರೇಕ್ ಒತ್ತದೆ ಆಕ್ಸಿಲರೇಟರ್‌ನಿಂದ ಕಾಲು ತೆಗೆದು, ಸ್ಟೀರಿಂಗ್ ನೇರ ಹಿಡಿದೆ. ಸರಿಹೋಯಿತು. ಆಮೇಲೆ ನೋಡಿದರೆ ನೀರಿನ ಕ್ಯಾನು, ಜನರೇಟರ್ ಎಲ್ಲ ಹಿಂದಿನ ತುದಿಯಲ್ಲಿ! ಟ್ರೇಲರ್ ತೂಕದಲ್ಲಿ ನೂರಕ್ಕೆ 10ರಿಂದ 15 ಭಾಗ ಹಿಚ್ (ಗಾಡಿಗೆ ಟ್ರೇಲರ್ ಸಿಕ್ಕಿಸುವ ಕೊಂಡಿ) ಮೇಲೆ ಬೀಳಬೇಕು ಅಲ್ವಾ? ಈಗ ಭಾರವನ್ನು ಆಕ್ಸಲ್‌ಗಿಂತ ಸ್ವಲ್ಪ ಮುಂದಕ್ಕೆ ಇಟ್ಟಿದ್ದೇನೆ.

ಇನ್ನೊಂದು ಚಿಂತೆ. ಡ್ರೈವರ್ ಬಾಗಿಲ ಬಳಿಯ ಸ್ಟಿಕರ್‌ನಲ್ಲಿ ಬರೆದ ತೂಕದ ಮಿತಿಯೊಳಗೆ ನಾವು ನಾಲ್ವರು, ಬ್ಯಾಗುಗಳು, ಹಿಚ್ ಮೇಲಿನ ಭಾರ ಎಲ್ಲವೂ ಬರಬೇಕು. 5,000 ಅನ್ನೋದನ್ನು ಮಾತ್ರ ನೋಡಿ ಕೊಂಡುಬಿಟ್ಟೆ.

ಮುಂದಿನ ತಿಂಗಳು ಐ-80 ಹೆದ್ದಾರಿಯಲ್ಲಿ ಟಾಹೋ ಸರೋವರದ ಕಡೆ ಹೊರಟಿದ್ದೇವೆ. ದಾರಿಯಲ್ಲಿ ಬರುವ ಡಾನರ್ ಪಾಸ್ ಕಣಿವೆದಾರಿ 7,000 ಅಡಿಗಿಂತ ಎತ್ತರ. ಬರುವಾಗ ಉದ್ದದ ಇಳಿಜಾರು. ಅಲ್ಲಿ ಯಾವ ಗೇರ್‌ನಲ್ಲಿ ಇಳಿಸುತ್ತೀರಿ? ಟ್ರೇಲರ್‌ನ ಬ್ರೇಕ್ ನಿಯಂತ್ರಿಸುವ ಬ್ರೇಕ್ ಕಂಟ್ರೋಲರ್ ಅನ್ನು ಹೇಗೆ ಹೊಂದಿಸಿಕೊಂಡಿದ್ದೀರಿ? ಟ್ರೇಲರ್ ತೂಗಾಟ ತಡೆಯುವ ಸ್ವೇ ಬಾರ್ ಹಾಕಿಸಿದವರು ಇದ್ದೀರಾ? ಟ್ರೇಲರ್ ಇದ್ದರೆ ಇಲ್ಲಿ ಗಂಟೆಗೆ 55 ಮೈಲಿ ಮಿತಿ, ಅದನ್ನು ದಾಟುವುದಿಲ್ಲ. ಹೈಲ್ಯಾಂಡರ್ ಅಥವಾ ಹೋಂಡಾ ಪೈಲಟ್‌ನಲ್ಲಿ ಎಳೆದು ಅನುಭವ ಇರುವವರು ದಯವಿಟ್ಟು ತಿಳಿಸಿ. ಹೊರಡುವ ಮುಂಚೆ ವೇಬ್ರಿಡ್ಜ್‌ನಲ್ಲಿ (ಗಾಡಿ ತೂಗುವ ಕಡೆ) ತೂಗಿಸಿ, ಅಂಕಿಗಳನ್ನು ಇಲ್ಲೇ ಹಾಕುತ್ತೇನೆ.