ಅಪ್‌ಡೇಟ್: ಆ ಮುಳ್ಳುಬಳ್ಳಿಯಲ್ಲಿ ಹಣ್ಣು ಬಂತು!

ಮಡಿಕೇರಿ ಹತ್ತಿರದ ನಮ್ಮ ತೋಟದಲ್ಲಿ, ಹಳೇ ಬಂಗಲೆಯ ಬೇಲಿಗೆ ಹಬ್ಬಿದ ಬಳ್ಳಿ ಕಾಡು ರಾಸ್ಪ್‌ಬೆರಿಯೋ, ರಾಸ್ಪ್‌ಬೆರಿ-ಬ್ಲ್ಯಾಕ್‌ಬೆರಿಗಳ ಮಿಶ್ರತಳಿಯೋ ಅಂತ ಹಿಂದೆ ಕೇಳಿದ್ದೆ. ಮಿಶ್ರತಳಿಯೇ ಅನ್ನಿಸುತ್ತಿದೆ.

ಹಣ್ಣು ಕಿತ್ತಾಗ ಒಳಗಿನ ದಿಂಡೂ ಜೊತೆಗೇ ಬಂತು. ರಾಸ್ಪ್‌ಬೆರಿ ಆಗಿದ್ದರೆ ದಿಂಡು ಗಿಡದಲ್ಲೇ ಉಳಿದು, ಹಣ್ಣು ಟೊಳ್ಳಾಗಿರುತ್ತಿತ್ತು. ಬ್ಲ್ಯಾಕ್‌ಬೆರಿಯ ಹಾಗೆ ಕಪ್ಪೂ ಆಗಲಿಲ್ಲ. ಉದ್ದನೆಯ ಕಡುಗೆಂಪು ಹಣ್ಣು, ಒಳ್ಳೇ ಹುಳಿ. 1880ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಜೇಮ್ಸ್ ಲೋಗನ್ ಅವರ ತೋಟದಲ್ಲಿ ಹುಟ್ಟಿದ ಲೋಗನ್‌ಬೆರಿ ಇರಬೇಕು. ಅಂಥದೇ ಇನ್ನೊಂದು ಮಿಶ್ರತಳಿ ಟೇಬೆರಿ ಇಷ್ಟು ಹುಳಿ ಇರಲ್ಲ, ಅಲ್ವಾ?

ಹೋದ ವರ್ಷ ಕಡ್ಡಿಗಳನ್ನೆಲ್ಲ ಸವರಿದ್ದೇ ತಪ್ಪು, ಅದಕ್ಕೇ ಆಗ ಹಣ್ಣು ಬರಲಿಲ್ಲ. ಈ ವರ್ಷ ಬೆಳೆದ ಕಡ್ಡಿಯಲ್ಲಿ ಮುಂದಿನ ವರ್ಷ ಹಣ್ಣು. ಹಣ್ಣು ಬಿಟ್ಟು ಮುಗಿದದ್ದನ್ನು ಮಾತ್ರ ಕತ್ತರಿಸಬೇಕು. ಈಗ ಹೊಸ ಕಡ್ಡಿಗಳನ್ನು ತಂತಿಗೆ ಕಟ್ಟಿದ್ದೇನೆ, ಎರಡರ ತುದಿ ಬಗ್ಗಿಸಿ ಮಣ್ಣಲ್ಲಿ ಹೂತಿದ್ದೇನೆ. ಬೇರು ಬಿಟ್ಟರೆ ಕೇಳಿದವರಿಗೆ ಖಂಡಿತ ಸಸಿ ಕೊಡುತ್ತೇನೆ.