ಡಿಟ್ಯಾಚಬಲ್ ಬಲೂನ್: ಬಿಟ್ಟಮೇಲೆ ಊದಿ ಒಡೆಯುತ್ತಿದೆ, ಕೆಲವೊಮ್ಮೆ ಮೊದಲೇ ಕಳಚುತ್ತಿದೆ

ಪ್ರಶ್ನೆ (ಬಯೋಮೆಡಿಕಲ್, ಕೊನೇ ವರ್ಷ):
ಎಲ್ಲರಿಗೂ ನಮಸ್ಕಾರ. ಕೆರೋಟಿಡ್-ಕ್ಯಾವರ್ನಸ್ ಫಿಸ್ಚುಲಾವನ್ನು (ಮಿದುಳಿಗೆ ರಕ್ತ ಒಯ್ಯುವ ಕೆರೋಟಿಡ್ ಅಪಧಮನಿಯಿಂದ ಕಣ್ಣಿನ ಹಿಂದಿನ ಸಿರೆಜಾಲಕ್ಕೆ ರಕ್ತ ನುಗ್ಗುವ ಅಸಹಜ ದಾರಿ) ಡಿಟ್ಯಾಚಬಲ್ ಬಲೂನಿನಿಂದ, ಅಂದರೆ ಕ್ಯಾಥೆಟರ್ (ತೆಳು ನಳಿಕೆ) ತುದಿಯಿಂದ ಕಳಚಿ ಒಳಗೇ ಬಿಡುವ ಬಲೂನಿನಿಂದ, ಮುಚ್ಚುವುದನ್ನು ತೋರಿಸಲು ಸಿಲಿಕೋನ್ ಟ್ಯೂಬಿನಲ್ಲಿ ಒಂದು ಮಾಡೆಲ್ ಮಾಡಿದ್ದೇವೆ. ಪಂಪಿನಲ್ಲಿ ನಾರ್ಮಲ್ ಸಲೈನ್ ಹರಿಯುತ್ತದೆ. ಬಲೂನ್ ಕೂಡ ಸಿಲಿಕೋನಿನದು, ಒಳಗೆ ತುಂಬಿದ್ದು ಅಯೋಹೆಕ್ಸಾಲ್ 300 (ಎಕ್ಸ್‌ರೇಯಲ್ಲಿ ಕಾಣುವ ಕಾಂಟ್ರಾಸ್ಟ್ ದ್ರವ). ಬಿಟ್ಟಾಗ ಚೆನ್ನಾಗಿ ಕೂರುತ್ತದೆ, ಆದರೆ ವಾರದ ರಜೆ ಮುಗಿಸಿ ಬಂದು ನೋಡಿದರೆ ದಪ್ಪಗಾಗಿರುತ್ತದೆ, ಒಂದೆರಡು ಒಡೆದೇ ಹೋಗಿದ್ದವು. ಇನ್ನು ಕೆಲವು ನಾವು ಎಳೆಯುವ ಮೊದಲೇ ಕಳಚಿಕೊಂಡು ಹರಿವಿನ ಜೊತೆ ಹೋಗಿಬಿಡುತ್ತವೆ. ಬಲೂನಿನ ವಾಲ್ವ್ (ಕ್ಯಾಥೆಟರ್ ಬಂದಮೇಲೆ ಬಾಯಿ ಮುಚ್ಚುವ ಭಾಗ) ಕೆಟ್ಟಿದೆಯಾ?

ಉತ್ತರ (ಕ್ಯಾಥ್‌ಲ್ಯಾಬ್ ಟೆಕ್ನಿಷಿಯನ್):
ಇವು ಎರಡು ಬೇರೆ ಬೇರೆ ತೊಂದರೆಗಳು, ಒಟ್ಟಿಗೆ ಹುಡುಕಬೇಡಿ. ಊದುವುದಕ್ಕೆ ವಾಲ್ವ್ ಕಾರಣ ಅಲ್ಲ. ಸಿಲಿಕೋನ್ ಪೊರೆ ನೀರನ್ನು ಬಿಡುತ್ತದೆ, ಕಾಂಟ್ರಾಸ್ಟನ್ನು ಬಿಡುವುದಿಲ್ಲ. ಅಯೋಹೆಕ್ಸಾಲ್ 300ರ ಆಸ್ಮೊಲಾಲಿಟಿ (ಕರಗಿದ ಕಣಗಳ ಸಾಂದ್ರತೆ, mOsm/kgಯಲ್ಲಿ) ಸುಮಾರು 670, ರಕ್ತದ್ದು, ಸಲೈನಿನದು ಸುಮಾರು 290. ಈ ಸಾಂದ್ರತೆ ಹೆಚ್ಚಿರುವ ಕಡೆಗೆ ನೀರು ಹೋಗುತ್ತದೆ, ಹಾಗಾಗಿ ಹೊರಗಿನ ನೀರು ಸದ್ದಿಲ್ಲದೆ ಒಳಗೆ ಸೇರುತ್ತಲೇ ಇರುತ್ತದೆ. ರೋಗಿಯೊಳಗೆ ಹೀಗಾದರೆ ಬಲೂನ್ ಪಕ್ಕದ ನರವನ್ನು ಒತ್ತಬಹುದು, ಅಥವಾ ಒಡೆದು ಮುಚ್ಚಿದ್ದ ದಾರಿ ಮತ್ತೆ ತೆರೆದುಕೊಳ್ಳಬಹುದು. ಇದನ್ನು ಸುಮ್ನೆ ಬಿಡುವ ವಿಷಯ ಅಲ್ಲ.

ತುಂಬುವ ದ್ರವವನ್ನು 290ರ ಹತ್ತಿರ ತನ್ನಿ. ಅಯೋಡಿಕ್ಸನಾಲ್ (ಇನ್ನೊಂದು ಕಾಂಟ್ರಾಸ್ಟ್) ಆ ಮಟ್ಟದಲ್ಲೇ ಸಿದ್ಧವಾಗಿ ಬರುತ್ತದೆ. ಅಯೋಹೆಕ್ಸಾಲೇ ಬೇಕು ಅಂದರೆ ಡಿಸ್ಟಿಲ್ಡ್ ವಾಟರಿನಲ್ಲಿ ಸಮಸಮ ಬೆರೆಸಿ, ಆಸ್ಮೋಮೀಟರಿನಲ್ಲಿ ನೋಡಿ ಸರಿಮಾಡಿಕೊಳ್ಳಿ. ಸಲೈನಿನಲ್ಲಿ ಬೆರೆಸಬೇಡಿ, ಅದರ ಉಪ್ಪೂ ಲೆಕ್ಕಕ್ಕೆ ಸೇರುತ್ತದೆ. ಇದು ಮಾಡೆಲ್‌ಗೆ ಮಾತ್ರ ಹೇಳಿದ ಅಳತೆ.

ಪ್ರಶ್ನೆ ಕೇಳಿದವರು:
ಓಹ್, ನಾವು ಸಲೈನಿನಲ್ಲೇ ಬೆರೆಸೋಣ ಅಂದುಕೊಂಡಿದ್ದೆವು ಸರ್. ಮೊದಲೇ ಕಳಚುವುದಕ್ಕೆ ಏನು ಮಾಡುವುದು?

ಉತ್ತರ (ಕ್ಯಾಥ್‌ಲ್ಯಾಬ್ ಟೆಕ್ನಿಷಿಯನ್):
ಕ್ಯಾಥೆಟರ್ ತುದಿ ವಾಲ್ವಿನೊಳಗೆ ಪೂರ್ತಿ ಹೋಗಿದೆಯಾ ಅಂತ ಲೆನ್ಸ್ ಹಿಡಿದು ನೋಡಿ. ಬಲೂನನ್ನು ಹಿಡಿದಿಡುವುದು ಆ ಬಿಗಿ ಮಾತ್ರ. ಹೊರಗಡೆಯೇ ಒಮ್ಮೆ ಊದಿಸಿ, ಗಾಳಿಗುಳ್ಳೆ ಎಲ್ಲ ತೆಗೆದು, ಮೆಲ್ಲಗೆ ಎಳೆದು ನೋಡಿ. ಗುಳ್ಳೆ ಉಳಿದರೆ ಎಷ್ಟು ತುಂಬಿತು ಅನ್ನುವುದು ತಪ್ಪುತ್ತದೆ, ರೋಗಿಯಲ್ಲಾದರೆ ಒಡೆದಾಗ ಗಾಳಿ ಮಿದುಳಿನ ಕಡೆ ಹೋಗಬಹುದು. ತುಂಬಲು 1 ಎಂಎಲ್ ಸಿರಿಂಜೇ ಬಳಸಿ.

ಇನ್ನೊಂದು, ಬಲೂನ್ ಗೋಡೆಗೆ ಕಚ್ಚಿಕೊಳ್ಳುವವರೆಗೆ ಕ್ಯಾಥೆಟರನ್ನು ಎಳೆಯಬೇಡಿ. ಆಮೇಲೂ ಜಗ್ಗಬಾರದು, ನಿಧಾನಕ್ಕೆ ಒಂದೇ ಸಮ ಎಳೆಯಬೇಕು. ಹೊರಗಿನ ಕ್ಯಾಥೆಟರಿನಿಂದ ಬಲೂನನ್ನು ತಡೆದು ಹಿಡಿದು ಒಳಗಿನದನ್ನು ಹಿಂದೆಳೆಯುವ ವಿಧಾನ ಇದಕ್ಕೇ ಬಂದಿದ್ದು.

ಉತ್ತರ (ನ್ಯೂರೋ ರೇಡಿಯಾಲಜಿ ನರ್ಸ್):
ಒಂದು ಮಾತು ಸೇರಿಸುತ್ತೇನೆ. ಮಾಸ್ಕೋದ ನರಶಸ್ತ್ರಚಿಕಿತ್ಸಕ ಸೆರ್ಬಿನೆಂಕೊ 1974ರಲ್ಲಿ ಈ ವಿಧಾನ ಪ್ರಕಟಿಸಿದ ಮೇಲೆ ಜಾಸ್ತಿ ಬಳಸಿದ್ದು ಗಾಡಿ ಅಪಘಾತದಲ್ಲಿ ತಲೆಗೆ ಪೆಟ್ಟಾದವರಿಗೇ. ಅಂಥವರಲ್ಲಿ ಮುರಿದ ಮೂಳೆ ಚೂರು ಬಲೂನಿಗೆ ಚುಚ್ಚಬಹುದು. ಮಾಡೆಲ್‌ನಲ್ಲಿ ಗೋಡೆಗೆ ಒಂದು ಚೂಪು ತುಣುಕು ಅಂಟಿಸಿ ನೋಡಿ. ಕೆರೋಟಿಡನ್ನೇ ಮುಚ್ಚುವಾಗ ಮೊದಲ ಬಲೂನಿನ ಹಿಂಬದಿಗೆ ಇನ್ನೊಂದು ಬಲೂನ್ ಬಿಡುತ್ತಿದ್ದದ್ದು ಯಾಕೆ ಅಂತ ಕಣ್ಣಾರೆ ಕಾಣುತ್ತದೆ. ಲ್ಯಾಬಿನಲ್ಲಿ ಬಳಸಿದ ಬಲೂನುಗಳ ಮೇಲೆ 'ರೋಗಿಗೆ ಬಳಸಬಾರದು' ಅಂತ ಚೀಟಿ ಅಂಟಿಸಿ, ಬೇರೆ ಡಬ್ಬದಲ್ಲಿಡಿ.